ಹೊಕುರಿಕುವಿನಲ್ಲಿ ಮಕ್ಕಳೊಂದಿಗೆ: ದಿನಕ್ಕೆ ಒಂದೇ ಜಾಗ

ಊರಿನಿಂದ ಯಾರೇ ಮಕ್ಕಳನ್ನು ಕಟ್ಟಿಕೊಂಡು ಜಪಾನಿಗೆ ಹೊರಟರೂ ಫೋನಿನಲ್ಲಿ ಮೊದಲು ಕೇಳುವುದು ಟೋಕಿಯೋ ಡಿಸ್ನಿಲ್ಯಾಂಡ್ ಟಿಕೆಟ್ಟಿನ ವಿಚಾರ. ಅಲ್ಲಿಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಎರಡು ಮೂರು ದಿನ ಉಳಿಸಿಕೊಂಡು ಜಪಾನ್ ಸಮುದ್ರದ ಕಡೆಗಿರುವ ನಮ್ಮ ಹೊಕುರಿಕು ಸೀಮೆಗೂ ಬನ್ನಿ ಎಂದು ಒತ್ತಾಯ ಮಾಡುತ್ತೇನೆ. ನಾವಿರುವುದು ಕನಜಾವಾದಲ್ಲಿ. ಮಗಳಿಗೆ ಆರು ವರ್ಷ, ಮಗನಿಗೆ ಎರಡು. ರಜೆಯ ದಿನ ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವುದು ನಮ್ಮ ಕ್ರಮ. ಒಂದು ದಿನಕ್ಕೆ ಒಂದೇ ಜಾಗ. ಎರಡನೆಯದನ್ನು ಪಟ್ಟಿಗೆ ಸೇರಿಸುವುದೇ ಇಲ್ಲ.

ಇಲ್ಲಿನ ಸಣ್ಣ ಸಣ್ಣ ಊರುಗಳು ಒಂದೊಂದು ವಿಷಯವನ್ನು ಹಿಡಿದು, ಅದನ್ನು ಮಕ್ಕಳಿಗೆ ತೋರಿಸುವುದರಲ್ಲಿ ತಮ್ಮ ಶಕ್ತಿಯನ್ನೆಲ್ಲ ಸುರಿದಿವೆ. ಫುಕುಯಿ ಪ್ರಾಂತ್ಯ ಹಿಡಿದಿದ್ದು ಡೈನೋಸಾರ್‌ಗಳನ್ನು. ಅಲ್ಲಿನ ಕತ್ಸುಯಾಮಾದ ಬೆಟ್ಟದಲ್ಲಿ 1982ರಲ್ಲಿ ಮೊಸಳೆಯೊಂದರ ಪಳೆಯುಳಿಕೆ ಸಿಕ್ಕಿತು. ಸುಮಾರು 12 ಕೋಟಿ ವರ್ಷ ಹಳೆಯ ಆ ಬಂಡೆಯ ಪದರವನ್ನು 1989ರಿಂದ ವ್ಯವಸ್ಥಿತವಾಗಿ ಅಗೆಯುತ್ತಾ ಬಂದರು. ಫುಕುಯಿರಾಪ್ಟರ್, ಫುಕುಯಿಸಾರಸ್ ಎಂದು ಊರಿನ ಹೆಸರನ್ನೇ ಹೊತ್ತ ಪ್ರಾಣಿಗಳು ಹೊರಬಂದಿದ್ದು ಅಲ್ಲಿಂದಲೇ. 2000ದಲ್ಲಿ ಅಲ್ಲಿಯೇ ಡೈನೋಸಾರ್ ಮ್ಯೂಸಿಯಂ ತೆರೆದರು. 2023ರ ಜುಲೈನಲ್ಲಿ ಅದು ಇನ್ನೂ ದೊಡ್ಡದಾಗಿ ಮತ್ತೆ ತೆರೆಯಿತು.

2024ರ ಮಾರ್ಚ್‌ನಲ್ಲಿ ಶಿಂಕಾನ್‌ಸೆನ್ ಬುಲೆಟ್ ರೈಲು ಕನಜಾವಾದಿಂದ ಫುಕುಯಿಯ ಆಚೆಗಿನ ತ್ಸುರುಗಾವರೆಗೆ ವಿಸ್ತರಣೆಯಾದ ಮೇಲೆ ಫುಕುಯಿ ನಮಗೆ ಅರ್ಧ ಗಂಟೆಯೂ ಆಗದ ದಾರಿ. ನಿಲ್ದಾಣದಿಂದ ಹೊರಗೆ ಕಾಲಿಡುತ್ತಿದ್ದಂತೆ ಕತ್ತು ಅಲ್ಲಾಡಿಸಿ ಗರ್ಜಿಸುವ ಡೈನೋಸಾರ್‌ಗಳು ಎದುರಾಗುತ್ತವೆ, ಬೆಂಚಿನ ಮೇಲೂ ಒಂದು ಡೈನೋಸಾರ್ ಕೂತಿರುತ್ತದೆ. ಮಕ್ಕಳು ಅಲ್ಲಿಂದ ಕದಲುವುದಿಲ್ಲ, ಆ ಹೊತ್ತನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮುಂದೆ ಎಚಿಜೆನ್ ರೈಲ್ವೆಯ ಪುಟ್ಟ ರೈಲು. ಗದ್ದೆಗಳ ನಡುವೆ, ಕುಜುರ್ಯು ಹೊಳೆಯ ಪಕ್ಕ ಸುಮಾರು ಒಂದು ಗಂಟೆ ಸಾಗುತ್ತದೆ. ಒಳಗೆ ಓಡಾಡುತ್ತಾ ಟಿಕೆಟ್ ಕೊಡುವ, ವಯಸ್ಸಾದವರ ಕೈಹಿಡಿದು ಇಳಿಸುವ ಮಹಿಳಾ ಅಟೆಂಡೆಂಟ್‌ಗಳಿರುತ್ತಾರೆ. ಕಾರಿನಲ್ಲಿ ಹೋದರೆ ಬೇಗ ತಲುಪಬಹುದು ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಆ ರೈಲೇ ಪ್ರವಾಸದ ಅರ್ಧ ಭಾಗ. ಕತ್ಸುಯಾಮಾದಲ್ಲಿ ಇಳಿದರೆ ಮ್ಯೂಸಿಯಂಗೆ ಬಸ್ಸಿದೆ. ದೂರದಿಂದ ಕಾಣುವ ಬೆಳ್ಳಿಯ ಗುಮ್ಮಟ, ಬೆಟ್ಟದ ಮೇಲೆ ಯಾರೋ ಇಟ್ಟುಹೋದ ಮೊಟ್ಟೆಯ ಹಾಗಿದೆ.

ಒಳಗೆ ಉದ್ದನೆಯ ಎಸ್ಕಲೇಟರ್ ನೇರ ನೆಲಮಾಳಿಗೆಗೆ ಇಳಿಸುತ್ತದೆ. ಅಲ್ಲಿಂದ ಮೇಲಕ್ಕೆ ಏರುತ್ತಾ ನೋಡಬೇಕು. ಮುಖ್ಯ ಸಭಾಂಗಣದಲ್ಲಿ ಐವತ್ತರಷ್ಟು ಅಸ್ಥಿಪಂಜರಗಳು. ಕಮರಾಸಾರಸ್‌ನದರಲ್ಲಿ ಬಹುಪಾಲು ಅಸಲಿ ಮೂಳೆಗಳೇ. ಅಲ್ಲಾಡುವ ಟಿ-ರೆಕ್ಸ್ ಎದುರಾದಾಗ ಚಿಕ್ಕವರು ಹೆದರುತ್ತಾರೆ, ಎತ್ತಿಕೊಂಡು ಪಕ್ಕದಿಂದ ದಾಟಿಬಿಡಿ. ನನ್ನ ಮಗಳನ್ನು ಕಟ್ಟಿಹಾಕಿದ್ದು ಮಾತ್ರ ಅಷ್ಟು ದೊಡ್ಡ ಪ್ರಾಣಿಗಳಲ್ಲ, ಗಾಜಿನಾಚೆಯ ಒಂದು ಕೋಣೆ. ಅಲ್ಲಿ ಕೂತವರು ಸಣ್ಣ ಉಪಕರಣ ಹಿಡಿದು ಕಲ್ಲಿನಿಂದ ಮೂಳೆಯನ್ನು ಚೂರುಚೂರೇ ಬಿಡಿಸುತ್ತಿರುತ್ತಾರೆ. "ಇವತ್ತು ಮುಗಿಯುತ್ತಾ?" ಎಂದು ಕೇಳಿದಳು. ಒಂದು ತುಂಡಿಗೇ ತಿಂಗಳುಗಟ್ಟಲೆ ಹಿಡಿಯಬಹುದು ಎಂದೆ. ಆಮೇಲೆ ಅವಳನ್ನು ಅವಸರಪಡಿಸಲು ನನಗೆ ಮನಸ್ಸಾಗಲಿಲ್ಲ. ದಿನಕ್ಕೊಂದೇ ಜಾಗ ಎಂದು ಇಟ್ಟುಕೊಂಡಿದ್ದು ಇಂಥ ಹೊತ್ತಿಗಾಗಿಯೇ. ಮುಂದಿನ ಜಾಗಕ್ಕೆ ತಡವಾಗುತ್ತದೆ ಎಂಬ ಮಾತನ್ನು ಮಗುವಿಗೆ ಹೇಳಬೇಕಾಗಿ ಬರುವುದಿಲ್ಲ.

ಮ್ಯೂಸಿಯಂ ಸುತ್ತಲಿನ ಉದ್ಯಾನದಲ್ಲಿ ಮಕ್ಕಳು ಕನ್ನಡಕ ಹಾಕಿಕೊಂಡು ಸುತ್ತಿಗೆ, ಉಳಿ ಹಿಡಿದು ಕಲ್ಲು ಒಡೆಯುವ ವ್ಯವಸ್ಥೆಯೂ ಇದೆ. ಅವು ನಿಜವಾದ ಪಳೆಯುಳಿಕೆ ಪದರದಿಂದ ತಂದ ಕಲ್ಲುಗಳು. ಎಲೆಯ ಗುರುತೋ ಚಿಪ್ಪೋ ಸಿಗಬಹುದು. ಸಂಶೋಧನೆಗೆ ಬೇಕಾದದ್ದು ಸಿಕ್ಕರೆ ಮ್ಯೂಸಿಯಂ ಇಟ್ಟುಕೊಳ್ಳುತ್ತದೆ. ಹಿಮ ಬೀಳುವ ತಿಂಗಳುಗಳಲ್ಲಿ ಇದು ಇರುವುದಿಲ್ಲ.

ಊಟದ ವಿಚಾರ ಸಸ್ಯಾಹಾರಿಗಳಿಗೆ ದೊಡ್ಡದು. ಫುಕುಯಿಯ ಮೂಲಂಗಿ ತುರಿ ಹಾಕಿದ ಸೋಬಾ ನೂಡಲ್ಸ್ ಪ್ರಸಿದ್ಧ, ಆದರೆ ಅದರ ಸಾರಿನಲ್ಲಿ ಸಾಮಾನ್ಯವಾಗಿ ದಾಶಿ ಎಂಬ ಮೀನಿನ ರಸ ಇರುತ್ತದೆ. ಮೇಲೆ ಮೀನು ಕಾಣದಿದ್ದರೂ ಒಳಗಿರುತ್ತದೆ. ನಾನು ಬೆಳಿಗ್ಗೆಯೇ ಚಪಾತಿ ಪಲ್ಯ, ಮೊಸರನ್ನ ಕಟ್ಟುತ್ತೇನೆ. ಉದ್ಯಾನದ ಹುಲ್ಲಿನ ಮೇಲೆ ಕೂತು ಉಣ್ಣುತ್ತೇವೆ. ಕಡಿಮೆ ಬಿದ್ದರೆ ಕನ್ವೀನಿಯನ್ಸ್ ಅಂಗಡಿಯಲ್ಲಿ ಉಮೆ ಎಂಬ ಹುಳಿ ಹಣ್ಣಿನ ಉಪ್ಪಿನಕಾಯಿ ಹಾಕಿದ ಒನಿಗಿರಿ, ಅಂದರೆ ಅನ್ನದ ಉಂಡೆ, ಸಿಗುತ್ತದೆ, ಆದರೂ ಚೀಟಿಯನ್ನು ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿ ಓದಿಕೊಳ್ಳಿ. ಕಸದ ಡಬ್ಬಿ ಹುಡುಕಿದರೂ ಸಿಗದ ದೇಶವಿದು, ಒಂದು ಖಾಲಿ ಚೀಲ ಜೊತೆಗಿರಲಿ.

ಖರ್ಚಿನಲ್ಲಿ ಒಂದು ಸಮಾಧಾನ: ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಲ್ಲಿ ಒಬ್ಬ ದೊಡ್ಡವರ ಜೊತೆ ಆರು ತುಂಬದ ಇಬ್ಬರು ಮಕ್ಕಳು ಪ್ರತ್ಯೇಕ ಸೀಟು ಕೇಳದಿದ್ದರೆ ಉಚಿತ, ಆರರಿಂದ ಹನ್ನೊಂದರವರಿಗೆ ಅರ್ಧ ದರ.

ಇಷ್ಟು ದೂರ ಬೇಡ ಅನ್ನುವ ದಿನ ಕೊಮಾತ್ಸುಗೆ ಹೋಗುತ್ತೇವೆ. ನಿಲ್ದಾಣದ ಪಕ್ಕದಲ್ಲೇ ದೊಡ್ಡ ದೊಡ್ಡ ಯಂತ್ರ ತಯಾರಿಸುವ ಕೊಮಾತ್ಸು ಕಂಪನಿಯ ಉದ್ಯಾನ, ಪ್ರವೇಶ ಉಚಿತ. ಸುಮಾರು 300 ಟನ್ ಹೊರುವ 930ಇ ಡಂಪ್ ಟ್ರಕ್ ಅಲ್ಲಿ ನಿಂತಿದೆ. ಅದರ ಚಕ್ರದ ಮುಂದೆ ನನ್ನ ಗಂಡನೇ ಗಿಡ್ಡ. ಜೆಸಿಬಿ ಕಂಡರೆ ಕುಣಿಯುವ ಮಗುವಿದ್ದರೆ ಇಡೀ ಮಧ್ಯಾಹ್ನ ಅಲ್ಲೇ ಕಳೆಯುತ್ತದೆ.

ಉತ್ತರಕ್ಕೆ ಹಕುಯಿ. ಅಲ್ಲಿನ ಕಾಸ್ಮೋ ಐಲ್ ಬಾಹ್ಯಾಕಾಶ ಮ್ಯೂಸಿಯಂನಲ್ಲಿ ನಿಜವಾಗಿ ಕಕ್ಷೆಗೆ ಹೋಗಿ ಮರಳಿದ ಸೋವಿಯತ್ ವೊಸ್ತೋಕ್ ಬಾಹ್ಯಾಕಾಶ ನೌಕೆಯ ಕೋಶವಿದೆ. ವಾತಾವರಣ ಸೀಳಿ ಬರುವಾಗ ಸುಟ್ಟ ಕರಿ ಮೈಮೇಲೆ ಕಾಣುತ್ತದೆ. ಹತ್ತಿರದ ಚಿರಿಹಾಮಾ ಕಡಲತೀರದಲ್ಲಿ ಸುಮಾರು 8 ಕಿಲೋಮೀಟರ್ ಮರಳಿನ ಮೇಲೇ ಕಾರು ಓಡಿಸಬಹುದು. ಮರಳಿನ ಕಣ ಬಹಳ ನುಣುಪು, ನೀರು ಹೀರಿ ಗಟ್ಟಿಯಾಗುವುದರಿಂದ ಚಕ್ರ ಹೂಳುವುದಿಲ್ಲ. ಅಲೆ ಜೋರಾದ ದಿನ ಮುಚ್ಚುತ್ತಾರೆ, ಇದೊಂದಕ್ಕೆ ಬಾಡಿಗೆ ಕಾರು ಬೇಕು.

ಚಳಿಗಾಲದಲ್ಲಿ ಬರುವವರು ಮಕ್ಕಳಿಗೆ ನೀರು ಒಳಗಿಳಿಯದ ಬೂಟು ತನ್ನಿ, ಇಲ್ಲಿನ ಹಿಮ ಒದ್ದೆ ಹಿಮ. ಕನಜಾವಾದವರು ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಎನ್ನುತ್ತಾರೆ, ಅದು ಹನ್ನೆರಡು ತಿಂಗಳಿಗೂ ಅನ್ವಯ. ಡೈನೋಸಾರ್ ಮ್ಯೂಸಿಯಂ ಟಿಕೆಟ್ಟನ್ನು ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ. ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಬುಧವಾರ ಅದಕ್ಕೆ ರಜೆ.