ಕಾರು ಬಿಟ್ಟು ಶ್ರೀರಂಗಪಟ್ಟಣ ನೋಡುವುದು ಹೇಗೆ

ಶ್ರೀರಂಗಪಟ್ಟಣ ಒಂದು ದ್ವೀಪ ಅಂತ ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಮೈಸೂರಿನವರಾದ ನಾವು ನೂರು ಸಲ ಅದನ್ನು ದಾಟಿ ಹೋಗಿದ್ದೇವೆ. ಆದರೆ ಒಂದು ಸಲವಾದರೂ 'ದ್ವೀಪಕ್ಕೆ ಹೋಗಿ ಬಂದೆ' ಅಂತ ಅನ್ನಿಸಿದೆಯಾ? ಕಾರಿನಲ್ಲಿ ಸೇತುವೆ ದಾಟಲು ಅರ್ಧ ನಿಮಿಷ ಸಾಕು. ಕಿಟಕಿ ಗಾಜು ಏರಿಸಿರುತ್ತೇವೆ, ಹಾಡು ಓಡುತ್ತಿರುತ್ತದೆ, ನದಿ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ.

ಕಾವೇರಿ ಕೋಟೆಯ ಪಶ್ಚಿಮಕ್ಕೆ ಎರಡಾಗಿ ಒಡೆದು, ಊರನ್ನು ಎರಡೂ ಕಡೆಯಿಂದ ಸುತ್ತಿ, ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ನಡುವೆ ಉಳಿದ ನೆಲ ಉದ್ದಕ್ಕೆ ಸುಮಾರು 5 ಕಿಲೋಮೀಟರ್, ಅಗಲಕ್ಕೆ ಒಂದೂವರೆ. ಕಾಲು ನಡಿಗೆಗೆ ಹೇಳಿ ಮಾಡಿಸಿದ ಅಳತೆ. ಪಶ್ಚಿಮದಿಂದ ಪೂರ್ವಕ್ಕೆ, ನೀರು ಹರಿಯುವ ದಿಕ್ಕಿನಲ್ಲೇ ನಡೆದರೆ ಮಾತ್ರ ಇದು ದ್ವೀಪ ಅನ್ನುವುದು ಕಾಲಿಗೆ ಗೊತ್ತಾಗುತ್ತದೆ. ನಾನು ಮೂರ್ನಾಲ್ಕು ವರ್ಷದಿಂದ ಹೀಗೇ ಹೋಗುತ್ತಿದ್ದೇನೆ. ಇಲ್ಲಿ ಕಾರೇ ಓಡಾಡಲ್ಲ ಅಂತಲ್ಲ, ಹಳೇ ಹೆದ್ದಾರಿ ಊರಿನ ನಡುವೆಯೇ ಹೋಗುತ್ತದೆ. ಅದನ್ನು ಒಂದು ಸಲ ಅಡ್ಡ ದಾಟಿದರೆ ಮುಗಿಯಿತು, ಮಿಕ್ಕ ದಾರಿ ನಿಮ್ಮದು.

ಮೊದಲು ದಿನ ಆರಿಸಿಕೊಳ್ಳಿ. ಭಾನುವಾರ ಬೇಡ. ಅಮಾವಾಸ್ಯೆ ಅಂತೂ ಬೇಡವೇ ಬೇಡ, ಅವತ್ತು ನಿಮಿಷಾಂಬ ದೇವಸ್ಥಾನದ ಮುಂದೆ ಕಾಲಿಡಲು ಜಾಗ ಇರಲ್ಲ, ಸಂಗಮದಲ್ಲೂ ಅಪರಕರ್ಮಕ್ಕೆ ಬಂದವರು ತುಂಬಿರುತ್ತಾರೆ. ರಥಸಪ್ತಮಿ, ದಸರಾ ಚೆನ್ನಾಗಿರುತ್ತವೆ, ಆದರೆ ಅವು ಜನ ನೋಡಲು ಹೋಗುವ ದಿನಗಳು. ಮಂಗಳವಾರವೋ ಬುಧವಾರವೋ ಒಂದು ರಜೆ ಹಾಕಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲೂ ಹದವಾಗಿರುತ್ತದೆ, ನದಿಯಲ್ಲಿ ನೀರೂ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೋಗುವುದಾದರೆ ಹಿಂದಿನ ದಿನ ಪೇಪರ್ ನೋಡಿ. ಕೆಆರ್‌ಎಸ್ ಅಣೆಕಟ್ಟು ತುಂಬಿ 124.80 ಅಡಿಯ ಹತ್ತಿರ ಬಂದು ನೀರು ಜಾಸ್ತಿ ಬಿಟ್ಟರೆ ಸ್ನಾನಘಟ್ಟಗಳು ಮುಳುಗುತ್ತವೆ, ಹೊಳೆ ಹತ್ತಿರ ಬಿಡುವುದಿಲ್ಲ.

ಹೋಗುವುದಕ್ಕೆ ರೈಲೇ ಸರಿ. ಮೈಸೂರಿನಿಂದ ಬೆಳಗ್ಗೆ ಬೆಂಗಳೂರು ಕಡೆ ಹೋಗುವ ಪ್ಯಾಸೆಂಜರ್ ಹತ್ತಿ, ಎಕ್ಸ್‌ಪ್ರೆಸ್ ಎಲ್ಲವೂ ಇಲ್ಲಿ ನಿಲ್ಲಲ್ಲ, ಕೇಳಿಕೊಂಡೇ ಹತ್ತಿ. ನಾಗನಹಳ್ಳಿ ಆಯಿತು, ಪಶ್ಚಿಮವಾಹಿನಿ ಆಯಿತು ಅಂದ ಕೂಡಲೇ ಬಾಗಿಲ ಕಡೆ ಬನ್ನಿ. ಗಾಲಿಯ ಸದ್ದು ಬದಲಾಗುತ್ತದೆ. ಕೆಳಗೆ ಬಂಡೆ, ಬಂಡೆಯ ನಡುವೆ ನೀರು, ಬಂಡೆಯ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆ. ಅದು ಕಾವೇರಿಯ ದಕ್ಷಿಣದ ಕವಲು. ಅದನ್ನು ದಾಟಿದಿರಿ ಅಂದರೆ ದ್ವೀಪದೊಳಗೆ ಬಂದಿರಿ. ಬಸ್ಸಿಗೆ ಹೋಗುವವರು ನಾನ್‌ಸ್ಟಾಪ್ ಹತ್ತಬೇಡಿ, ಅದು ಬೈಪಾಸ್ ಹಿಡಿದು ಹೋಗಿಬಿಡುತ್ತದೆ. ಸೈಕಲ್ ಇದ್ದವರು ಮೈಸೂರಿನಿಂದ ಸುಮಾರು 15 ಕಿಲೋಮೀಟರ್ ತುಳಿದುಕೊಂಡೇ ಬರಬಹುದು, ಬೆಳಗ್ಗೆ ಆರಕ್ಕೇ ಹೊರಟರೆ.

ಚೀಲದಲ್ಲಿ ಇಷ್ಟಿರಲಿ: ಎರಡು ಲೀಟರ್ ನೀರು, ಟೋಪಿ, ಒಂದು ಜೊತೆ ದಪ್ಪ ಕಾಲುಚೀಲ. ಕಾಲುಚೀಲ ಯಾಕೆ ಅಂದರೆ, ಒಂದು ಸಲ ಏಪ್ರಿಲ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಆಗಿತ್ತು. ರಂಗನಾಥನ ಬಾಗಿಲು ಹಾಕಿತ್ತು, ಚಪ್ಪಲಿ ಬಿಟ್ಟು ಬಂದ ಅಂಗಳದ ಕಲ್ಲು ಕಾದ ಹೆಂಚಿನ ಹಾಗಿತ್ತು. ಅಮ್ಮನ ಅಂಗಾಲಿನಲ್ಲಿ ಗುಳ್ಳೆ ಎದ್ದು ಎರಡು ದಿನ ನಡೆಯಲು ಕಷ್ಟಪಟ್ಟರು. ಮಧ್ಯಾಹ್ನ ದೇವಸ್ಥಾನ ಮುಚ್ಚುತ್ತಾರೆ ಅನ್ನುವುದನ್ನು ಮರೆಯಬೇಡಿ, ವಯಸ್ಸಾದವರು ಜೊತೆಗಿದ್ದರೆ ಇನ್ನೂ ಬೇಗ ಹೊರಡಿ.

ಸ್ಟೇಷನ್ ಇರುವುದೇ ಕೋಟೆಯೊಳಗೆ. ಹೊರಗೆ ಬರುತ್ತಲೇ ಆಟೋದವರು 'ಎಲ್ಲಾ ಪಾಯಿಂಟ್ ತೋರಿಸ್ತೀನಿ ಬನ್ನಿ ಸಾರ್' ಅನ್ನುತ್ತಾರೆ. ಒಳ್ಳೆಯ ಜನ, ಆದರೆ ಈಗ ಬೇಡ, 'ಸಂಜೆ ಸಂಗಮದಿಂದ ವಾಪಸ್ ಬರಲು ಬೇಕು' ಅಂತ ಹೇಳಿ ಒಬ್ಬರ ನಂಬರ್ ತೆಗೆದುಕೊಳ್ಳಿ. ಆ ತುದಿಯಲ್ಲಿ ಹೊತ್ತು ಮುಳುಗಿದ ಮೇಲೆ ಆಟೋ ಸಿಗುವುದು ಕಷ್ಟ.

ಮೊದಲು ರಂಗನಾಥಸ್ವಾಮಿ. ಗಂಗರ ಕಾಲದಲ್ಲಿ, 894ರಲ್ಲಿ ತಿರುಮಲಯ್ಯ ಅನ್ನುವವನು ಕಟ್ಟಿಸಿದ್ದು ಅಂತ ಹೇಳುತ್ತಾರೆ, ಆಮೇಲೆ ಬಂದವರೆಲ್ಲ ಬೆಳೆಸಿದ್ದಾರೆ. ಶೇಷನ ಮೇಲೆ ಮಲಗಿದ ಆ ದೊಡ್ಡ ಕಪ್ಪು ಮೂರ್ತಿಯ ಮುಂದೆ ಬೆಳಗ್ಗೆ ಏಳೂವರೆಗೆ ಹತ್ತೇ ಜನ ಇರುತ್ತಾರೆ, ಸಾವಧಾನವಾಗಿ ಪಾದದಿಂದ ಕಿರೀಟದವರೆಗೆ ನೋಡಬಹುದು. ಪುಳಿಯೋಗರೆ ಸಿಕ್ಕರೆ ಬಿಡಬೇಡಿ. ಅಲ್ಲಿಂದ ಕೋಟೆಗೋಡೆ ಹಿಡಿದು ಉತ್ತರದ ಕಡೆಗೆ ನಡೆಯಿರಿ.

ಇಲ್ಲಿ ನಿಧಾನ ಮಾಡಿ. ಈ ಊರಿನ ಕಥೆ ಪೂರ್ತಿ ನೀರಿನ ಕಥೆ, ಅದು ಗೋಡೆಯ ಮೇಲೆ ನಿಂತು ಹೊಳೆ ನೋಡಿದಾಗಲೇ ಅರ್ಥವಾಗುವುದು. 1791ರ ಮೇ ತಿಂಗಳಲ್ಲಿ ಬ್ರಿಟಿಷರ ದಂಡನಾಯಕ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ, ಹತ್ತಿರದ ಅರಕೆರೆಯವರೆಗೆ ಬಂದಿದ್ದ. ಮಳೆ ಹಿಡಿಯಿತು, ಹೊಳೆ ಏರಿತು, ದಂಡಿಗೆ ಊಟವಿಲ್ಲ, ಎತ್ತುಗಳು ಸತ್ತವು, ಭಾರಿ ಫಿರಂಗಿಗಳನ್ನು ಅಲ್ಲೇ ಹಾಳುಮಾಡಿ ವಾಪಸ್ ಹೋದ. ಎಂಟು ವರ್ಷದ ನಂತರ, 1799ರ ಮೇ 4ರಂದು, ನೀರು ಇಳಿದಿತ್ತು. ಬ್ರಿಟಿಷ್ ಸೈನಿಕರು ಹೊಳೆಯಲ್ಲಿ ನಡೆದುಕೊಂಡೇ ಬಂದು ಒಡೆದ ಗೋಡೆ ಹತ್ತಿದರು. ಅದೇ ತಿಂಗಳು, ಅದೇ ಹೊಳೆ. ಆ ಕಡೆಯ ಗೋಡೆಯ ಮೇಲೆ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಕಲ್ಲಿನ ಕಂಬ ಇದೆ. ಅದರ ಬುಡದಲ್ಲಿ ಐದು ನಿಮಿಷ ಕೂತು ಹೊಳೆಯ ಅಗಲ ನೋಡಿ. ಬೇಸಿಗೆಯಲ್ಲಿ ದಾಟಬಹುದು ಅನ್ನಿಸುತ್ತದೆ, ಮಳೆಗಾಲದಲ್ಲಿ ನೋಡಿದರೆ ಎದೆ ಝಲ್ ಅನ್ನುತ್ತದೆ.

ಮುಂದೆ ವಾಟರ್ ಗೇಟ್, ಟಿಪ್ಪು ಬಿದ್ದ ಜಾಗದ ಕಲ್ಲು, ಬೈಲಿ ಬಂದೀಖಾನೆ ಹತ್ತಿರ ಹತ್ತಿರ ಬರುತ್ತವೆ. ವಾಟರ್ ಗೇಟ್ ಅಂದರೆ ಗೋಡೆಯಲ್ಲಿ ಒಂದು ಸಣ್ಣ ಕಮಾನು ದಾರಿ. ಒಳಗೆ ಕಾಲಿಟ್ಟ ಕೂಡಲೇ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ, ನೆಲದ ಕಲ್ಲು ಸವೆದು ನುಣ್ಣಗಾಗಿದೆ, ಆ ತುದಿಯ ಬೆಳಕಿನಲ್ಲಿ ಹೊಳೆ ಕಾಣುತ್ತದೆ. ಬಟ್ಟೆ ಒಗೆಯುವ ಸದ್ದು ಒಳಗೆ ಎರಡೆರಡು ಸಲ ಕೇಳಿಸುತ್ತದೆ. ನನಗೆ ಇಡೀ ಪಟ್ಟಣದಲ್ಲಿ ತುಂಬಾ ಇಷ್ಟವಾದ ಜಾಗ ಇದು. ಬೈಲಿ ಅನ್ನುವ ಹೆಸರು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಾಮಿಯಾ ಮಸೀದಿಯ ಎರಡು ಮಿನಾರುಗಳನ್ನು ಕತ್ತೆತ್ತಿ ನೋಡಿ, ಪಾರಿವಾಳಗಳಿಗೆಂದೇ ಸಾಲಾಗಿ ಗೂಡು ಬಿಟ್ಟಿದ್ದಾರೆ. ತಿಂಡಿ ಆಗಿಲ್ಲದಿದ್ದರೆ ಹೆದ್ದಾರಿ ಬದಿಯಲ್ಲೇ ಮುಗಿಸಿ, ಆಚೆಗೆ ಹೋಟೆಲ್ ಕಡಿಮೆ. ರಸ್ತೆ ದಾಟಿ ಸುಮಾರು ಒಂದು ಕಿಲೋಮೀಟರ್ ನಡೆದರೆ ದರಿಯಾ ದೌಲತ್. ಟಿಕೆಟ್ ಇದೆ. 1784ರಲ್ಲಿ ಕಟ್ಟಿದ ತೇಗದ ಮರದ ಅರಮನೆ. ಪಶ್ಚಿಮದ ಗೋಡೆಯಲ್ಲಿ, ಹೈದರಾಲಿ, ಟಿಪ್ಪು ಸೇರಿ ಆಂಗ್ಲರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ, ಕುದುರೆ, ಆನೆ, ರುಂಡ ಮುಂಡ. ಅದರ ನಡುವೆ ಒಂದು ಪಲ್ಲಕ್ಕಿ ಹುಡುಕಿ. ಒಳಗೆ ಒಬ್ಬ ದಪ್ಪನೆಯ ಆಂಗ್ಲ ಅಧಿಕಾರಿ ಬಾಯಲ್ಲಿ ಬೆರಳಿಟ್ಟು ಕೂತಿದ್ದಾನೆ. ಅವನೇ ಬೈಲಿ. ಅವತ್ತು ಸೆರೆಸಿಕ್ಕವನು 1782ರಲ್ಲಿ ಇದೇ ದ್ವೀಪದಲ್ಲಿ ಸೆರೆಯಾಳಾಗಿಯೇ ಸತ್ತ. ಬೆಳಗ್ಗೆ ನೋಡಿದ ಆ ಕತ್ತಲೆ ಕೋಣೆ ಅವನ ಹೆಸರಿನದು. ಕಾರಿನಲ್ಲಿ ಬಂದವರು ಎರಡನ್ನೂ ನೋಡುತ್ತಾರೆ, ಆದರೆ ನಡುವಿನ ದಾರಿ ನಡೆದವರಿಗೆ ಅವೆರಡೂ ಒಂದೇ ಕಥೆಯಾಗಿ ಸೇರಿಕೊಳ್ಳುತ್ತವೆ.

ದರಿಯಾ ದೌಲತ್ ದಾಟಿದ ಮೇಲೆ ದ್ವೀಪ ನಿಜವಾಗಿ ಶುರುವಾಗುತ್ತದೆ. ಗಂಜಾಂ. ಗದ್ದೆ, ಕಬ್ಬು, ತೆಂಗು, ನಡುವೆ ನೀರಿನ ಕಾಲುವೆ. ಈ ನೆಲಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ ಹೊಳೆಯ ಒಂದು ಕವಲನ್ನು ಮೇಲಿನಿಂದಲೇ ದಾಟಿ ದ್ವೀಪಕ್ಕೆ ಬರುತ್ತದೆ, ಅಂದರೆ ಕಾವೇರಿಯ ಮೇಲೆ ಕಾವೇರಿ. ಒಂದು ಕಾಲಕ್ಕೆ ಗಂಜಾಂ ಅಂಜೂರಕ್ಕೆ ಹೆಸರಾಗಿತ್ತು. ಕಬ್ಬಿನ ಹಾಲಿನ ಗಾಡಿ ಕಂಡರೆ ನಿಂತು ಒಂದು ಲೋಟ ಕುಡಿಯಿರಿ, ಶುಂಠಿ, ನಿಂಬೆ ಹಾಕಿಸಿ, ಐಸ್ ಬೇಡ ಅನ್ನಿ.

ನಿಮಿಷಾಂಬ ಹೊಳೆ ದಂಡೆಯಲ್ಲೇ ಇದೆ. ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಡಿ, ಅಷ್ಟು ಸಾಕು. ದಯವಿಟ್ಟು ಈಜಲು ಇಳಿಯಬೇಡಿ, ಇಲ್ಲೂ ಬೇಡ, ಸಂಗಮದಲ್ಲೂ ಬೇಡ. ಮೇಲೆ ಶಾಂತವಾಗಿ ಕಾಣುತ್ತದೆ, ಒಳಗೆ ಬಂಡೆ ಇದೆ, ಸುಳಿ ಇದೆ. ಈಜು ಬಲ್ಲ ಹುಡುಗರೇ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಮಕ್ಕಳಿದ್ದರೆ ಕೈ ಬಿಡಬೇಡಿ. ಪೂಜೆಯ ಹೂವು, ಬಟ್ಟೆ, ಪ್ಲಾಸ್ಟಿಕ್ ಕವರ್ ಹೊಳೆಗೆ ಹಾಕಬೇಡಿ, ಅದು ನಮ್ಮ ಕುಡಿಯುವ ನೀರು.

ಗುಂಬಜ್‌ಗೆ ಮೂರು ಗಂಟೆಯ ನಂತರ ಹೋಗಿ. ಟಿಪ್ಪು ತಂದೆ ಹೈದರಾಲಿಗಾಗಿ ಕಟ್ಟಿಸಿದ ಗೋರಿ, ಈಗ ತಂದೆ, ತಾಯಿ, ಮಗ ಮೂವರೂ ಅಲ್ಲೇ ಮಲಗಿದ್ದಾರೆ. ಸುತ್ತ 36 ಕರಿಕಲ್ಲಿನ ಕಂಬ. ಕಂಬಕ್ಕೆ ಮುಖ ಹತ್ತಿರ ತಂದು ನೋಡಿ, ನಿಮ್ಮ ಮುಖ ಮಸುಕಾಗಿ ಕಾಣುತ್ತದೆ, ಅಷ್ಟು ನಯ. ಒಳಗಿನ ಗೋಡೆಗೆ ಹುಲಿಪಟ್ಟೆಯ ಬಣ್ಣ. ಜೋರಾಗಿ ಮಾತಾಡಬೇಡಿ, ಅಲ್ಲಿ ಪ್ರಾರ್ಥನೆಗೆ ಬಂದವರಿರುತ್ತಾರೆ.

ಅಲ್ಲಿಂದ ಸಂಗಮಕ್ಕೆ ಸ್ವಲ್ಪ ದೂರ. ತೆಪ್ಪದವರು ಇದ್ದರೆ ಮೊದಲೇ ದುಡ್ಡು ಮಾತಾಡಿ, ಲೈಫ್ ಜಾಕೆಟ್ ಕೊಟ್ಟರೆ ಮಾತ್ರ ಹತ್ತಿ. ಇಲ್ಲದಿದ್ದರೆ ದಂಡೆಯಲ್ಲೇ ಕೂತುಕೊಳ್ಳಿ. ಎಡಗಡೆಯಿಂದ ಒಂದು ಕವಲು, ಬಲಗಡೆಯಿಂದ ಇನ್ನೊಂದು. ಬೆಳಗ್ಗೆ ರೈಲಿನ ಬಾಗಿಲಲ್ಲಿ ನಿಂತು ದಾಟಿದ್ದು ಬಲಗಡೆಯದು, ಕೋಟೆಗೋಡೆಯ ಮೇಲಿಂದ ನೋಡಿದ್ದು ಎಡಗಡೆಯದು. ಎರಡೂ ನಿಮ್ಮ ಮುಂದೆ ಬಂದು ಸೇರುತ್ತವೆ, ಸೇರಿದ ಕಡೆ ನೀರಿನ ಮೇಲೆ ಸಣ್ಣ ಗೆರೆ ಎದ್ದು ಅಳಿಸಿಹೋಗುತ್ತಾ ಇರುತ್ತದೆ.

ಐದೂವರೆಗೆ ಆಟೋದವರಿಗೆ ಫೋನ್ ಮಾಡಿ. ವಾಪಸ್ ರೈಲು ಎಷ್ಟಕ್ಕೆ ಅಂತ ಬೆಳಗ್ಗೆಯೇ ಸ್ಟೇಷನ್‌ನಲ್ಲಿ ಬರೆದುಕೊಂಡಿರಿ. ಬೆಂಗಳೂರಿನಿಂದ ಬರುವ ಸಂಜೆಯ ರೈಲಿನಲ್ಲಿ ಸೀಟು ಸಿಗುವುದು ಕಷ್ಟ, ಆದರೆ ಬಾಗಿಲ ಹತ್ತಿರ ಜಾಗ ಇರುತ್ತದೆ. ಕಂಬಿ ಭದ್ರವಾಗಿ ಹಿಡಿದು ನಿಲ್ಲಿ, ಸೇತುವೆ ಬೇಗ ಬರುತ್ತದೆ.