ಬೀಜದಿಂದಲೇ ಸೊಂಟದೆತ್ತರದ ಸ್ನ್ಯಾಪ್‌ಡ್ರ್ಯಾಗನ್: ನನ್ನ ಅನುಭವ

ಎತ್ತರದ ಸ್ನ್ಯಾಪ್‌ಡ್ರ್ಯಾಗನ್ ಹೂಗಿಡ ಮನೆಯಲ್ಲಿ ಬೀಜದಿಂದ ಬರುವುದಿಲ್ಲ, ಸಸಿಯನ್ನೇ ತನ್ನಿ ಎಂದವರೇ ಹೆಚ್ಚು. ಈ ಸಲ ರಾಕೆಟ್ ತಳಿಯ ಒಂದೇ ಪೊಟ್ಟಣದಿಂದ 60ರ ಮೇಲೆ ಗಿಡ ನಿಂತಿವೆ, ಒಂದೊಂದೂ ಹೆಚ್ಚುಕಡಿಮೆ 3 ಅಡಿ. ಅಷ್ಟೂ ಸಸಿ ಕೊಂಡಿದ್ದರೆ ಆಗುತ್ತಿದ್ದ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲೂ ಆಗಿಲ್ಲ.

ಅದಕ್ಕೂ ಮುಂಚೆ ಎರಡು ಪೊಟ್ಟಣ ಪೂರ್ತಿ ದಂಡವಾಗಿದ್ದವು. ಮೊದಲನೆಯದು ಹಾಳಾದದ್ದು ಮಣ್ಣು ಮುಚ್ಚಿದ್ದರಿಂದ. ಗ್ರಾಂಗೆ 6,000ಕ್ಕೂ ಹೆಚ್ಚು ಬರುವ ಧೂಳಿನಂಥ ಬೀಜ ಇದು. ಬೆಳಕು ಬಿದ್ದರೇ ಚೆನ್ನಾಗಿ ಮೊಳೆಯುವುದು. ಎರಡನೆಯದು ಮೊಳೆಯಿತು, ಆದರೆ ಮೇಲಿಂದ ನೀರು ಚಿಮುಕಿಸುತ್ತಿದ್ದೆ. ಬುಡ ಕಂದಿ ನೂಲಿನಷ್ಟು ತೆಳ್ಳಗಾಗಿ, ಬೆಳಗಾಗುವಷ್ಟರಲ್ಲಿ ಟ್ರೇಯ ಒಂದು ಮೂಲೆ ಮಲಗಿತ್ತು. ಮೂರೇ ದಿನಕ್ಕೆ ಟ್ರೇ ಖಾಲಿ.

ಈಗ ಜರಡಿ ಹಿಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 3 ಪಾಲಿಗೆ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) 1 ಪಾಲು, ಗೊಬ್ಬರ ಸೇರಿಸುವುದಿಲ್ಲ. ಇದನ್ನು ತುಂಬಿದ ಪ್ರೋಟ್ರೇ (ಸಾಲು ಕುಳಿಗಳಿರುವ ಸಸಿ ಟ್ರೇ) ಚೆನ್ನಾಗಿ ನೆನೆದ ಮೇಲೆ ಒದ್ದೆ ಹಲ್ಲುಕಡ್ಡಿಯ ತುದಿಗೆ ಬೀಜ ಅಂಟಿಸಿಕೊಂಡು, ಕುಳಿಗೆ ಎರಡರಂತೆ ಮೇಲ್ಮೈಯಲ್ಲೇ ಕೂರಿಸುತ್ತೇನೆ. ಬೆಳಕು ಹಾಯುವ ಮುಚ್ಚಳ, 18ರಿಂದ 21 ಡಿಗ್ರಿ ತಂಪು. ಎಂಟು ಹತ್ತು ದಿನಕ್ಕೆ ಹಸಿರು ಚುಕ್ಕೆಗಳು ಕಾಣುತ್ತವೆ. ಅಂದೇ ಮುಚ್ಚಳ ತೆಗೆಯಬೇಕು. ಆಮೇಲೆ ನೀರು ತಳದ ತಟ್ಟೆಯಿಂದ ಮಾತ್ರ: 20 ನಿಮಿಷ ಬಿಟ್ಟು, ಮಿಕ್ಕಿದ್ದನ್ನು ಚೆಲ್ಲಿಬಿಡಿ. ಆ ನೀರಿಗೆ ನಾನು ಬೆರೆಸುವ ಚಿಟಿಕೆ ಪುಡಿ ಯಾವುದೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಕುಳಿಯಲ್ಲಿ ಎರಡೂ ಮೊಳೆತರೆ ಬಡಕಲನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಎದ್ದುಬರುತ್ತದೆ.

ಕುಡಿ ಚಿವುಟುವುದೋ ಬೇಡವೋ ಎಂದು ಅರ್ಧ ಪಾತಿಯಲ್ಲಿ ಪರೀಕ್ಷಿಸಿದೆ. ನಾಲ್ಕು ಜೋಡಿ ಎಲೆಯಾದಾಗ ಚಿವುಟಿದವು ಐದಾರು ಕವಲೊಡೆದವು, ಹೂತೆನೆ ತುಸು ಗಿಡ್ಡ. ಚಿವುಟದವು ಎರಡು ಮೂರು ವಾರ ಮುಂಚೆಯೇ ಅರಳಿದವು, ಗಿಡಕ್ಕೊಂದೇ ದಪ್ಪ ತೆನೆ. ಹೂದಾನಿಗಾದರೆ ಚಿವುಟಬೇಡಿ, 4 ಇಂಚಿಗೊಂದರಂತೆ ಒತ್ತಾಗಿ ನೆಡಿ. ಪಾತಿಯ ಅಂದಕ್ಕಾದರೆ ಚಿವುಟಿ 9 ಇಂಚು ಅಂತರ ಕೊಡಿ.

ಗಿಡ ಒಂದಡಿಯಾಗುವ ಮೊದಲೇ ಅಡ್ಡಬಲೆ ಕಟ್ಟಲೇಬೇಕು. ಒಮ್ಮೆ ವಾಲಿದರೆ ತುದಿ ಮತ್ತೆ ಮೇಲಕ್ಕೆ ತಿರುಗಿ, ಕಾಂಡ ಕೊಕ್ಕೆಯಾಗಿಯೇ ಉಳಿಯುತ್ತದೆ. ವಾರಕ್ಕೊಮ್ಮೆ ಎಲೆ ಮಗುಚಿ ನೋಡಿ. ಅಡಿಯಲ್ಲಿ ಕಂದು ಪುಡಿಯ ಗುಳ್ಳೆಗಳಿದ್ದರೆ ತುಕ್ಕು ರೋಗ. ಆ ಎಲೆ ತೆಗೆದುಹಾಕಿ, ನೀರನ್ನು ಬೆಳಗ್ಗೆಯೇ ಬುಡಕ್ಕೆ ಕೊಡಿ. ತೆನೆಯ ಕೆಳಗಿನ ಮೂರನೇ ಒಂದು ಭಾಗ ಅರಳಿದಾಗ ಕೊಯ್ದು, ಬಕೆಟ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿಟ್ಟರೆ ಕೆಲವೇ ಗಂಟೆಗಳಲ್ಲಿ ತುದಿ ಬಾಗುತ್ತದೆ, ಮತ್ತೆ ನೇರವಾಗದು.