ಚಳಿಗಾಲದಲ್ಲಿ ಮೈಲೇಜ್ ಬೀಳದಂತೆ ನಾನು ಮಾಡಿಕೊಂಡು ಬಂದಿರುವ ಕೆಲಸಗಳು

ಚಳಿ ಹಿಡಿಯಿತೆಂದರೆ ಮೈಲೇಜ್ ಬೀಳುತ್ತದೆ. ಹೊರಗೆ 25 ಡಿಗ್ರಿ ಇದ್ದಾಗ ಸಿಗುವ ಮೈಲೇಜಿಗಿಂತ ಮೈನಸ್ 7 ಡಿಗ್ರಿಯಲ್ಲಿ ಪೆಟ್ರೋಲ್ ಕಾರು ಊರೊಳಗಿನ ಓಡಾಟದಲ್ಲಿ ಸುಮಾರು ಶೇಕಡಾ 15 ಕಡಿಮೆ ಕೊಡುತ್ತದೆ, ಐದಾರು ಕಿಲೋಮೀಟರಿನ ಚಿಕ್ಕ ಓಡಾಟವಾದರೆ ಈ ನಷ್ಟ ಶೇಕಡಾ 24ರವರೆಗೂ ಹೋಗುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಚಿಕ್ಕ ಓಡಾಟಕ್ಕೆ ಪೆಟ್ಟು ಜಾಸ್ತಿ ಏಕೆ ಎಂದು ಯೋಚಿಸಿದರೆ ಉಳಿತಾಯದ ದಾರಿ ತಾನಾಗಿ ಕಾಣುತ್ತದೆ. ಪೆಟ್ರೋಲ್ ಉರಿಯಬೇಕಾದರೆ ಮೊದಲು ಆವಿಯಾಗಬೇಕು. ತಣ್ಣಗಿರುವ ಇಂಜಿನ್ನಿನಲ್ಲಿ ಅದು ಗೋಡೆಗಳಿಗೆ ಹನಿಹನಿಯಾಗಿ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ಇಂಜಿನ್ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಇಂಜಿನ್ ಬಿಸಿಯಾಗುವವರೆಗೂ ಸುರಿಯುತ್ತಲೇ ಇರುತ್ತದೆ. ಹಾಗಾಗಿ ಚಳಿಗಾಲದಲ್ಲಿ ನನ್ನ ಲಕ್ಷ್ಯವೆಲ್ಲ ಇಂಜಿನ್ ಎಷ್ಟು ಬೇಗ 80 ಡಿಗ್ರಿ ಮುಟ್ಟುತ್ತದೆ ಎಂಬುದರ ಮೇಲೆ. ಮಿಕ್ಕದ್ದೆಲ್ಲ ಅದರ ನಂತರ.

ಯಾವ ಕೆಲಸಕ್ಕೂ ಕೈಹಾಕುವ ಮೊದಲು ಈಗ ಎಷ್ಟು ಕುಡಿಯುತ್ತಿದೆ ಎಂದು ಅಳೆದಿಟ್ಟುಕೊಳ್ಳಬೇಕು. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟ್ಯಾಂಕ್ ಫುಲ್ ಮಾಡಿಸುವಾಗ ಪಂಪಿನ ನಳಿಕೆ ತಾನಾಗಿ ಮೊದಲ ಸಲ ಟಕ್ ಎಂದು ನಿಂತಲ್ಲಿಗೆ ಸಾಕು ಎನ್ನುತ್ತೇನೆ, ಮೇಲೆ ಒತ್ತಿ ತುಂಬಿಸುವುದಿಲ್ಲ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ಅದೇ ಪಂಪಿನಲ್ಲಿ ಅದೇ ರೀತಿ ತುಂಬಿಸುತ್ತೇನೆ. 532 ಕಿಲೋಮೀಟರಿಗೆ 38 ಲೀಟರ್ ಹಿಡಿದರೆ ಲೀಟರಿಗೆ 14. ಒಂದೇ ಟ್ಯಾಂಕಿನ ಲೆಕ್ಕವನ್ನು ನಂಬಬಾರದು. ತುಂಬುವಾಗ ಒಂದು ಲೀಟರ್ ಹೆಚ್ಚುಕಡಿಮೆಯಾದರೂ 38 ಲೀಟರಿನಲ್ಲಿ ಅದು ಶೇಕಡಾ ಎರಡೂವರೆಯ ತಪ್ಪು. ಮೂರು ಟ್ಯಾಂಕ್ ಸೇರಿಸಿ ಲೆಕ್ಕ ಹಾಕಿದರೆ ಅದೇ ತಪ್ಪು ಶೇಕಡಾ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಪಕ್ಕದಲ್ಲಿ ಆ ದಿನಗಳ ಬೆಳಗಿನ ಉಷ್ಣಾಂಶವನ್ನೂ ಬರೆದಿಡುತ್ತೇನೆ. ಇಲ್ಲದಿದ್ದರೆ ಮೈಲೇಜ್ ಬಿದ್ದದ್ದು ಚಳಿಯಿಂದಲೋ ಕಾರಿನ ದೋಷದಿಂದಲೋ ಆಮೇಲೆ ತಿಳಿಯುವುದಿಲ್ಲ.

ಎರಡನೆಯ ಸಾಧನ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಓಬಿಡಿ ಸ್ಕ್ಯಾನರ್, ಅಂದರೆ ಇಂಜಿನ್ ಕಂಪ್ಯೂಟರಿನ ಮಾಹಿತಿಯನ್ನು ಓದಿ ತೋರಿಸುವ ಉಪಕರಣ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಬಹಳ ಕಾರುಗಳಲ್ಲಿ ನಿಜ ಹೇಳುವುದಿಲ್ಲ. ಚಾಲಕ ಗಾಬರಿಯಾಗದಿರಲಿ ಎಂದು ಇಪ್ಪತ್ತು ಮೂವತ್ತು ಡಿಗ್ರಿ ಅಂತರದಲ್ಲೂ ಅದು ನಟ್ಟನಡುವೆ ನಿಲ್ಲುವಂತೆ ಮಾಡಿರುತ್ತಾರೆ. ಸ್ಕ್ಯಾನರಿನಲ್ಲಿ ಕೂಲೆಂಟಿನ, ಅಂದರೆ ಇಂಜಿನ್ ತಣಿಸುವ ದ್ರವದ, ಉಷ್ಣಾಂಶ ನೇರವಾಗಿ ಕಾಣುತ್ತದೆ. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಕೀ ಹಾಕಿ, ಸ್ಟಾರ್ಟ್ ಮಾಡದೆ, ಎರಡು ಸಂಖ್ಯೆ ನೋಡುತ್ತೇನೆ: ಕೂಲೆಂಟಿನದು ಮತ್ತು ಒಳಗೆ ಹೋಗುವ ಗಾಳಿಯದು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು, ಎರಡು ಮೂರು ಡಿಗ್ರಿ ವ್ಯತ್ಯಾಸ ಪರವಾಗಿಲ್ಲ. ಕೂಲೆಂಟ್ ಸೆನ್ಸರ್ ಮಾತ್ರ ಹತ್ತು ಹದಿನೈದು ಡಿಗ್ರಿ ಕಡಿಮೆ ಹೇಳುತ್ತಿದ್ದರೆ ಇಂಜಿನ್ ಬಿಸಿಯಾದ ಮೇಲೂ ಕಂಪ್ಯೂಟರ್ ಇನ್ನೂ ಚಳಿ ಎಂದುಕೊಂಡು ಪೆಟ್ರೋಲ್ ಸುರಿಯುತ್ತಿರುತ್ತದೆ. ಸೆನ್ಸರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೂ ಗೊತ್ತಾಗುತ್ತದೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯಬೇಕು. ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ 20 ಡಿಗ್ರಿಗೆ ಎರಡೂವರೆ ಕಿಲೋ ಓಮ್ ಆಸುಪಾಸು, 80 ಡಿಗ್ರಿಗೆ ಮುನ್ನೂರು ಓಮ್ ಆಸುಪಾಸು. ನಿಮ್ಮ ಕಾರಿನ ನಿಖರ ಸಂಖ್ಯೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಈಗ ಥರ್ಮೋಸ್ಟಾಟ್. ಇಂಜಿನ್ ಬಿಸಿಯಾಗುವವರೆಗೂ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಇದು. ಚಳಿಗಾಲದ ಮೈಲೇಜ್ ವಿಷಯದಲ್ಲಿ ಇದರಷ್ಟು ಅಲಕ್ಷ್ಯಕ್ಕೆ ಒಳಗಾದ ಭಾಗ ಇನ್ನೊಂದಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮುಚ್ಚಿದ ಸ್ಥಿತಿಯಲ್ಲಿ ಕೆಟ್ಟರೆ ಇಂಜಿನ್ ಕುದಿಯುತ್ತದೆ, ಎಲ್ಲರಿಗೂ ತಿಳಿಯುತ್ತದೆ. ತೆರೆದ ಸ್ಥಿತಿಯಲ್ಲಿ ಕೆಟ್ಟರೆ ಸದ್ದಿಲ್ಲದೆ ಪೆಟ್ರೋಲ್ ಕುಡಿಯುತ್ತದೆ. ಕೂಲೆಂಟ್ ಮೊದಲ ನಿಮಿಷದಿಂದಲೇ ರೇಡಿಯೇಟರಿಗೆ ಹರಿದು ತಣ್ಣಗಾಗುತ್ತದೆ, ಇಂಜಿನ್ 60-70 ಡಿಗ್ರಿಯಲ್ಲೇ ಓಲಾಡುತ್ತದೆ. ಹೀಟರಿನಿಂದ ಬರುವ ಗಾಳಿ ಉಗುರು ಬೆಚ್ಚಗಿರುತ್ತದೆ, ಇಳಿಜಾರಿನಲ್ಲಿ ಅದೂ ತಣ್ಣಗಾಗುತ್ತದೆ. ಸ್ಕ್ಯಾನರಿನಲ್ಲಿ ಪಿ0128 ಎಂಬ ಕೋಡ್ ಬಂದರೆ ಮೊದಲು ಕೂಲೆಂಟ್ ಮಟ್ಟ ನೋಡಿ, ಅದು ಸರಿಯಿದ್ದರೆ ಅನುಮಾನ ಇದರ ಮೇಲೆಯೇ.

ಬಿಚ್ಚದೆ ನೋಡುವ ಬಗೆ ಹೀಗೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಬೇಕು. ಫ್ಯಾನು, ಬೆಲ್ಟುಗಳಿಂದ ಕೈ ದೂರವಿರಲಿ. ಸ್ಕ್ಯಾನರ್ 80 ತೋರಿಸುವವರೆಗೂ ಹೋಸ್ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಸರಿಯಾಗಿದೆ. ಕೂಲೆಂಟಿನ ಜೊತೆಜೊತೆಗೆ ಹೋಸೂ ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ಅದು ತೆರೆದೇ ನಿಂತಿದೆ. ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಬಾಯಲ್ಲಿರುತ್ತದೆ, ಅಲ್ಲಿ ಆ ಹೋಸನ್ನು ನೋಡಬೇಕು.

ಬಿಚ್ಚುವುದಾದರೆ ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಕುದಿಯುವ ಕೂಲೆಂಟ್ ಮುಖಕ್ಕೇ ಹಾರುತ್ತದೆ. ಎರಡು ಲೀಟರಿನಷ್ಟು ಕೂಲೆಂಟನ್ನು ಶುದ್ಧ ಪಾತ್ರೆಗೆ ಇಳಿಸಿದರೆ ಸಾಮಾನ್ಯವಾಗಿ ಮಟ್ಟ ಥರ್ಮೋಸ್ಟಾಟ್ ಕೂತಿರುವ ಹೌಸಿಂಗಿಗಿಂತ ಕೆಳಗೆ ಬರುತ್ತದೆ. ಎರಡು ಮೂರು ಬೋಲ್ಟ್ ಬಿಚ್ಚಿದರೆ ಹೌಸಿಂಗ್ ಕೈಗೆ ಬರುತ್ತದೆ. ಥರ್ಮೋಸ್ಟಾಟನ್ನು ಬೆಳಕಿಗೆ ಹಿಡಿದಾಗ ಕವಾಟದ ಅಂಚಿನಲ್ಲಿ ಸಂದು ಕಂಡರೆ ಇನ್ನೇನೂ ಪರೀಕ್ಷೆ ಬೇಡ, ಬಿಸಾಡಿ. ಸಂದು ಕಾಣದಿದ್ದರೆ ಕವಾಟವನ್ನು ಬೆರಳಿನಿಂದ ಒತ್ತಿ ತೆರೆದು, ಸಂದಿನಲ್ಲಿ ಒಂದು ದಾರ ಸಿಕ್ಕಿಸಿ ಬಿಡುತ್ತೇನೆ. ದಾರವನ್ನು ಕವಾಟ ಕಚ್ಚಿಕೊಳ್ಳುತ್ತದೆ. ಆ ದಾರದಿಂದಲೇ ಅದನ್ನು ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಕವಾಟ ಬಾಯಿಬಿಟ್ಟ ಕ್ಷಣ ದಾರ ಕಳಚಿ ಥರ್ಮೋಸ್ಟಾಟ್ ತಳಕ್ಕೆ ಠಣ್ ಎಂದು ಬೀಳುತ್ತದೆ. ಆಗಿನ ಉಷ್ಣಾಂಶ ಅದರ ಮೈಮೇಲೆ ಅಚ್ಚೊತ್ತಿದ ಸಂಖ್ಯೆಗೆ, ಅಂದರೆ 82, 88 ಹೀಗೆ ಏನಿದೆಯೋ ಅದಕ್ಕೆ, ಎರಡು ಮೂರು ಡಿಗ್ರಿಯೊಳಗೆ ಹೊಂದಬೇಕು. ಹತ್ತು ಡಿಗ್ರಿ ಮೊದಲೇ ಬಿದ್ದರೆ ಅದರ ಒಳಗಿನ ಮೇಣದ ಗುಳಿಗೆಯೋ ಸ್ಪ್ರಿಂಗೋ ಸೋತಿದೆ.

ಹೊಸದನ್ನು ಕೂರಿಸುವಾಗ ಗಾಳಿ ಹೋಗಲೆಂದು ಇರುವ ಚಿಕ್ಕ ಅಲುಗಾಡುವ ಪಿನ್ ಮೇಲ್ಮುಖವಾಗಿರಬೇಕು. ಹಳೆಯ ರಬ್ಬರ್ ರಿಂಗನ್ನು ಮತ್ತೆ ಹಾಕಬಾರದು. 10 ಎಂಎಂ ತಲೆಯ ಬೋಲ್ಟುಗಳಿದ್ದರೆ 10 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು, ಜೋರು ಮಾಡಿದರೆ ಅಲ್ಯೂಮಿನಿಯಂ ಎಳೆ ಕಿತ್ತುಬರುತ್ತದೆ. ಕೂಲೆಂಟಿಗೆ ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ. ಆ ಅಳತೆಯಲ್ಲಿ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಕೂಲೆಂಟ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಅಪ್ಪಟವಾಗಿ ಸುರಿಯುವವರಿದ್ದಾರೆ. ಅದು ತಪ್ಪು, ನೀರಿಲ್ಲದ ಕೂಲೆಂಟ್ ಬೇಗ ಹೆಪ್ಪುಗಟ್ಟುತ್ತದೆ, ಶಾಖವನ್ನೂ ಸರಿಯಾಗಿ ಸಾಗಿಸುವುದಿಲ್ಲ. ಕೊನೆಗೆ ಹೀಟರ್ ಪೂರ್ತಿ ಬಿಸಿಗಿಟ್ಟು ಇಂಜಿನ್ ಓಡಿಸಿ ಒಳಗಿನ ಗಾಳಿ ಹೊರಗೆ ಬಿಡಬೇಕು. ಒಂದು ಗುಳ್ಳೆ ಉಳಿದರೂ ಹೀಟರ್ ಕೆಲಸ ಮಾಡುವುದಿಲ್ಲ.

ಇಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲೇ ಫ್ಯೂಯೆಲ್ ಟ್ರಿಮ್, ಅಂದರೆ ಪೆಟ್ರೋಲಿನ ಅಳತೆಯನ್ನು ಕಂಪ್ಯೂಟರ್ ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಇಳಿಸಿದೆ ಎಂಬುದನ್ನು, ನೋಡಿಬಿಡುತ್ತೇನೆ. ದೀರ್ಘಾವಧಿಯ ಟ್ರಿಮ್ ಸೊನ್ನೆಯ ಆಚೀಚೆ ಶೇಕಡಾ ಹತ್ತರೊಳಗಿದ್ದರೆ ಸರಿ. ಪ್ಲಸ್ ಕಡೆಗೆ ಅದನ್ನು ಮೀರಿದ್ದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ಚಳಿಗೆ ರಬ್ಬರ್ ಪೈಪುಗಳು ಸೆಟೆದು ಬಿರುಕುಬಿಡುತ್ತವೆ, ಬಾಗುವ ಜಾಗದಲ್ಲಿ ಬೆರಳಿನಿಂದ ಅಗಲಿಸಿ ನೋಡಿದರೆ ಮಾತ್ರ ಬಿರುಕು ಕಾಣುತ್ತದೆ. ಮೈನಸ್ ಕಡೆಗೆ ಮೀರಿದ್ದರೆ ಸೋರುವ ಇಂಜೆಕ್ಟರ್ ಅಥವಾ ತಪ್ಪು ಹೇಳುವ ಸೆನ್ಸರ್ ಇರುವ ಸಾಧ್ಯತೆ ಹೆಚ್ಚು. ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬ ಮಾತು ಕಾರ್ಬುರೇಟರ್ ಕಾಲದ್ದು. ಇಂಜೆಕ್ಷನ್ ಇರುವ ಪೆಟ್ರೋಲ್ ಇಂಜಿನ್ನಿನಲ್ಲಿ ಕೊಳಕಾದ ಫಿಲ್ಟರ್ ಎಳೆತವನ್ನು ಕುಗ್ಗಿಸುತ್ತದೆ, ಮೈಲೇಜಿಗೆ ಹೆಚ್ಚೇನೂ ಮಾಡುವುದಿಲ್ಲ. ಇಂಜಿನ್ ಆಯಿಲ್ ಮಾತ್ರ ಚಳಿಗಾಲದಲ್ಲಿ ಎದ್ದು ಕಾಣುವ ವಿಷಯ. ‘ಡಬ್ಲ್ಯೂ’ ಅಕ್ಷರಕ್ಕೆ ಮೊದಲು ಬರುವ ಸಂಖ್ಯೆ ಚಿಕ್ಕದಿದ್ದಷ್ಟೂ ತಣ್ಣಗಿರುವಾಗ ಆಯಿಲ್ ತೆಳ್ಳಗೆ ಹರಿಯುತ್ತದೆ. 5ಡಬ್ಲ್ಯೂ-30 ಕೇಳುವ ಇಂಜಿನ್ನಿಗೆ 10ಡಬ್ಲ್ಯೂ-30 ಹಾಕಿದರೆ ಶೇಕಡಾ ಒಂದೆರಡು ಕೈಬಿಟ್ಟಂತೆ. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ತೆಳ್ಳಗಿನದೂ ಬೇಡ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸುವ ಅಭ್ಯಾಸವನ್ನು ಬಿಡಲೇಬೇಕು. ಚಿಕ್ಕ ಪೆಟ್ರೋಲ್ ಇಂಜಿನ್ ನಿಂತಲ್ಲಿ ಗಂಟೆಗೆ ಒಂದು ಲೀಟರಿನ ಹತ್ತಿರ ಕುಡಿಯುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ 25 ದಿನ ಎಂದರೆ ನಾಲ್ಕು ಲೀಟರ್. ಲೀಟರಿಗೆ 14 ಕೊಡುವ ಕಾರಿಗೆ ಅದು 56 ಕಿಲೋಮೀಟರಿನ ದಾರಿ. ಅಷ್ಟು ಸುರಿದರೂ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಏಕೆಂದರೆ ಹೊರೆಯಿಲ್ಲದೆ ಶಾಖವಿಲ್ಲ. ಉರಿಯದ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದಾಗ ಪೆಟ್ರೋಲ್ ವಾಸನೆ ಬಂದು, ಮಟ್ಟವೂ ಏರಿದ್ದರೆ ಕಾರಣ ಇದೇ. ಸ್ಟಾರ್ಟ್ ಮಾಡಿ ಅರ್ಧ ನಿಮಿಷದಲ್ಲಿ ಹೊರಟು, ಮೊದಲ ಐದಾರು ಕಿಲೋಮೀಟರ್ 2,500 ಆರ್‌ಪಿಎಂ ಮೀರದಂತೆ ಓಡಿಸುವುದು ನನ್ನ ಕ್ರಮ. ಗಾಜಿನ ಮೇಲಿನ ಮಂಜನ್ನು ಇಂಜಿನ್ ಹಾಕುವ ಮೊದಲೇ ಕೈಯಿಂದ ಕೆರೆದು ತೆಗೆಯುತ್ತೇನೆ, ಹಿಂದಿನ ರಾತ್ರಿ ಗಾಜಿಗೆ ಹೊದಿಕೆ ಹಾಕಿದ್ದರೆ ಅದೂ ಬೇಡ. ಪೆಟ್ರೋಲ್ ಉಳಿಸಲೆಂದು ಮಸುಕು ಗಾಜಿನಲ್ಲಿ ಮಾತ್ರ ಹೊರಡಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸುವುದಂತೂ ಪ್ರಾಣಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಹೀಟರ್ ಬ್ಲೋವರನ್ನು ಮೊದಲ ಕೆಲವು ನಿಮಿಷ ಕಡಿಮೆಯಲ್ಲೇ ಇಡುತ್ತೇನೆ. ಅದು ಹೀರುವ ಶಾಖ ಇಂಜಿನ್ನಿಗೆ ಸೇರಬೇಕಾದದ್ದು. ಗಾಜಿಗೆ ಗಾಳಿ ತಿರುಗಿಸಿದೊಡನೆ ಬಹಳ ಕಾರುಗಳಲ್ಲಿ ಎಸಿ ಕಂಪ್ರೆಸರ್ ತಾನಾಗಿ ಶುರುವಾಗುತ್ತದೆ. ಮಸುಕು ಹೋದ ಮೇಲೆ ಗುಂಡಿ ಬದಲಿಸದಿದ್ದರೆ ಚಳಿಯಲ್ಲೂ ಎಸಿಗೆ ಪೆಟ್ರೋಲ್ ಸುಡುತ್ತಿರುತ್ತೀರಿ. ಇನ್ನು ಓಡಾಟಗಳನ್ನು ಒಟ್ಟುಗೂಡಿಸುವುದು: ನಾಲ್ಕು ಕೆಲಸವಿದ್ದರೆ ಮೊದಲು ಎಲ್ಲಕ್ಕಿಂತ ದೂರದ್ದಕ್ಕೆ ಹೋಗಿ, ಹತ್ತಿರದವನ್ನು ಬರುವಾಗ ಮುಗಿಸುತ್ತೇನೆ. ದೂರದ ದಾರಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗಿರುತ್ತದೆ, ಆಮೇಲಿನ ಸ್ಟಾರ್ಟುಗಳೆಲ್ಲ ಬಿಸಿ ಸ್ಟಾರ್ಟುಗಳೇ. ಖರ್ಚಿಲ್ಲದೆ ಸಿಗುವ ಉಳಿತಾಯಗಳಲ್ಲಿ ಇದಕ್ಕೇ ನಾನು ಮೊದಲ ಸ್ಥಾನ ಕೊಡುವುದು. ಕೊರೆಯುವ ಚಳಿಯ ಜಾಗದಲ್ಲಿ ಇಂಜಿನ್ನನ್ನು ಕರೆಂಟಿನಿಂದ ಬೆಚ್ಚಗೆ ಮಾಡುವ ಬ್ಲಾಕ್ ಹೀಟರ್ ಇದ್ದರೆ ಟೈಮರ್ ಇಟ್ಟು ಹೊರಡುವ ಒಂದೆರಡು ಗಂಟೆ ಮೊದಲು ಹಾಕಿದರೆ ಸಾಕು, ರಾತ್ರಿಯಿಡೀ ಉರಿಸಿದರೆ ಉಳಿದ ಹಣ ಕರೆಂಟಿಗೆ ಹೋಗುತ್ತದೆ.

ಬ್ರೇಕ್ ಹಿಡಿದುಕೊಂಡಿದೆಯೇ ಎಂಬುದನ್ನು ಚಳಿಗಾಲದ ಶುರುವಿನಲ್ಲಿ ಒಮ್ಮೆ, ಮುಗಿಯುವಾಗ ಒಮ್ಮೆ ನೋಡಬೇಕು. ರಸ್ತೆಗೆ ಉಪ್ಪು ಹಾಕುವ ಕಡೆಗಳಲ್ಲಿ ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಜಾರುವ ಪಿನ್ನುಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ಬ್ರೇಕ್ ಹೆಚ್ಚು ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಾಲ್ಕೂ ಡಿಸ್ಕುಗಳಿಗೆ ಹಿಡಿಯುತ್ತೇನೆ. ಎಡ ಬಲದ ನಡುವೆ ಮೂವತ್ತು ಡಿಗ್ರಿ ವ್ಯತ್ಯಾಸ ಕಂಡರೆ ಬಿಸಿಯಿರುವ ಕಡೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತೇನೆ. ಸಣ್ಣಗೆ ಉಜ್ಜುವ ಸದ್ದು ಸಹಜ. ಬಿಟ್ಟೊಡನೆ ಗಕ್ಕನೆ ನಿಂತರೆ ಹಿಡಿದಿದೆ ಎಂದರ್ಥ. ಪಿನ್ ಎಳೆದು, ಒರೆಸಿ, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಹಚ್ಚಿ, ಹರಿದ ರಬ್ಬರ್ ಟೋಪಿ ಬದಲಿಸಬೇಕು. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಈ ತಪ್ಪು ತುಂಬ ಕಡೆ ನಡೆಯುತ್ತದೆ. ಹಿಮ ಬೀಳುವ ರಾತ್ರಿ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡುತ್ತೇನೆ, ಕೇಬಲ್ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹಿಂದಿನ ಚಕ್ರ ಬಿಡುವುದಿಲ್ಲ.

ಹೆದ್ದಾರಿಯಲ್ಲಿ ವೇಗ ಇಳಿಸಿದಷ್ಟೂ ಲಾಭ. 20 ಡಿಗ್ರಿಯ ಗಾಳಿಗಿಂತ ಮೈನಸ್ 10ರ ಗಾಳಿ ಶೇಕಡಾ 11ರಷ್ಟು ದಟ್ಟ, ಅಷ್ಟೇ ಹೆಚ್ಚು ಅದನ್ನು ಸೀಳಬೇಕು. ಮಾಡಿನ ಮೇಲಿನ ಕ್ಯಾರಿಯರ್ ಬಳಸದಿದ್ದರೆ ಬಿಚ್ಚಿಡಿ, ಮಾಡಿನ ಹಿಮವನ್ನೂ ಗುಡಿಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ, ಇಂಜಿನ್ ಬಿಸಿಯಾಗಿದ್ದಾಗ, ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಬೇಕಾದಷ್ಟು ಸುರಿಯುತ್ತಲೇ ಇರುತ್ತದೆ.

ಟೈರ್ ಗಾಳಿಯ ವಿಷಯಕ್ಕೆ ಬಂದರೆ, ಉಷ್ಣಾಂಶ ಐದೂವರೆ ಡಿಗ್ರಿ ಇಳಿದಾಗಲೆಲ್ಲ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. 25 ಡಿಗ್ರಿಯಲ್ಲಿ 33 ತುಂಬಿಸಿದ ಟೈರ್ 5 ಡಿಗ್ರಿಯ ಬೆಳಿಗ್ಗೆ 29ಕ್ಕೆ ಬಂದಿರುತ್ತದೆ. ನಾಲ್ಕೂ ಟೈರಿನಲ್ಲಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇಕಡಾ 0.2ರಷ್ಟು ಬೀಳುತ್ತದೆ, ಅಂದರೆ ಇದರಿಂದ ಆಗುವ ನಷ್ಟ ಜನ ಹೇಳುವಷ್ಟು ದೊಡ್ಡದಲ್ಲ. ಆದರೆ ಟೈರಿನ ಅಂಚು ಸವೆಯುವುದು, ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುವುದು ದೊಡ್ಡ ನಷ್ಟವೇ. ಕಾರು ಕನಿಷ್ಠ ಮೂರು ಗಂಟೆ ನಿಂತ ಮೇಲೆ ಸ್ವಂತ ಗೇಜಿನಿಂದ ಅಳೆದು, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಸಂಖ್ಯೆಗೆ ತುಂಬಿಸುತ್ತೇನೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದು ತುಂಬಿಸಬೇಕಾದ ಅಳತೆಯಲ್ಲ. ಚಳಿಗಾಲದ ಟೈರುಗಳನ್ನು ಹಗಲು ರಾತ್ರಿ ಎರಡೂ 7 ಡಿಗ್ರಿಗಿಂತ ಮೇಲೆ ನಿಲ್ಲತೊಡಗಿದೊಡನೆ ಬಿಚ್ಚುತ್ತೇನೆ, ಅವುಗಳ ಮೆತ್ತನೆ ರಬ್ಬರ್ ಬೆಚ್ಚಗಿನ ರಸ್ತೆಯಲ್ಲಿ ಬೇಗ ಸವೆಯುತ್ತದೆ, ಉರುಳುವಾಗಿನ ತಡೆಯನ್ನೂ ಹೆಚ್ಚಿಸುತ್ತದೆ. ಆ ದಿನವೇ ಗಾಳಿಯನ್ನೂ ಮತ್ತೆ ಅಳೆಯಬೇಕು, ಚಳಿಯಲ್ಲಿ ತುಂಬಿಸಿದ್ದು ಆಗ ಹೆಚ್ಚಾಗಿರುತ್ತದೆ.